ಅಂಧೇರಿಯ ನಾಲ್ಕು ಚಿತ್ರಗಳು

“ಚಿತ್ರಗಳೇನೋ ಬಂದು ಸೇರಿದವು. ಆದರೆ ಬರಿಯ ಚಿತ್ರಗಳನ್ನು ಹಾಕಿದರೆ ನಮ್ಮ ಓದುಗರು ಪುಟ ಮಗುಚಿಬಿಡುತ್ತಾರೆ. ಅವು ಹೇಗೆ ಹುಟ್ಟಿದವೆಂದು ನಾಲ್ಕು ಪುಟ ಬರೆದುಕೊಡಿ” ಎಂದು ಸಂಪಾದಕರ ಅಪ್ಪಣೆಯಾಗಿದೆ. ಸರಕಾರಿ ಕಚೇರಿಯ ಗುಮಾಸ್ತನಿಗೆ ಅಪ್ಪಣೆಯೆಂದರೆ ಅಪ್ಪಣೆಯೇ. ಹನ್ನೊಂದು ವರ್ಷಗಳಿಂದ ನಾನು ಬರೆದಿರುವುದೆಲ್ಲ ಕಡತಗಳ ಮೇಲಿನ ಷರಾಗಳು ಮಾತ್ರ, ಅವೂ ಕನ್ನಡದಲ್ಲಲ್ಲ. ಆದ್ದರಿಂದ ಈ ಬರಹದಲ್ಲಿ ಎಲ್ಲಿಯಾದರೂ ‘ಅವಗಾಹನೆಗಾಗಿ ಸಲ್ಲಿಸಿದೆ’ ಎಂಬ ಧಾಟಿ ಕಂಡುಬಂದರೆ ಓದುಗರು ಮನ್ನಿಸಬೇಕು.

ಮೊದಲೇ ಒಂದು ಮಾತು. ನಾನು ಚಿತ್ರಕಲಾ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಹತ್ತುವ ಮನಸ್ಸೇನೋ ಇತ್ತು. ನಮ್ಮ ತಂದೆ ಇದೇ ಅಂಧೇರಿಯ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಮೂವತ್ತು ವರ್ಷ ಕುಳಿತವರು. ರಜೆಗೆಂದು ಊರಿನಿಂದ ಬಂದಾಗ ನಾನು ಅವರ ಕಾಲ ಬಳಿ ಕುಳಿತು ಹಳೆಯ ಬಿಲ್ಲುಗಳ ಹಿಂಬದಿಯಲ್ಲಿ ಇಡ್ಲಿ ತಿನ್ನುವವರ ಚಿತ್ರ ಬರೆಯುತ್ತಿದ್ದೆ. ಹನ್ನೆರಡನೆಯದು ಮುಗಿದಾಗ ಜೆ. ಜೆ. ಸ್ಕೂಲಿನ ಅರ್ಜಿ ತಂದು ಅವರ ಮುಂದಿಟ್ಟೆ. ಅವರು ಅದನ್ನು ಎರಡು ಬದಿಯೂ ಓದಿ, “ಕಾಗದದ ಮೇಲೆ ಚಿತ್ರ ಬರೆಯುತ್ತೀ, ಸರಿ, ಹೊಟ್ಟೆಯ ಮೇಲೆ ಏನು ಬರೆಯುತ್ತೀ?” ಎಂದು ಕೇಳಿದರು. ಮೂವತ್ತು ವರ್ಷ ಹಸಿದವರ ಮುಖವನ್ನೇ ನೋಡುತ್ತಿದ್ದವರ ಪ್ರಶ್ನೆ ಅದು. ನನ್ನಲ್ಲಿ ಉತ್ತರವಿರಲಿಲ್ಲ. ಬಿ.ಎ. ಮಾಡಿದೆ, ಪರೀಕ್ಷೆ ಬರೆದೆ, ಗುಮಾಸ್ತನಾದೆ. ಅವರ ಮೇಲೆ ನನಗೆ ಕೋಪವಿಲ್ಲ. ಆ ಅರ್ಜಿಯನ್ನು ಮಾತ್ರ ಇನ್ನೂ ಎಸೆದಿಲ್ಲ.

ಮತ್ತೆ ಪೆನ್ಸಿಲು ಹಿಡಿಸಿದವರು ಕೆ. ಕೆ. ಹೆಬ್ಬಾರರು. ಅವರನ್ನು ನಾನು ಕಂಡವನಲ್ಲ. 1996ರಲ್ಲಿ ಅವರು ಮುಂಬಯಿಯಲ್ಲಿ ತೀರಿಕೊಂಡಾಗ ನಾನು ಊರಿನಲ್ಲಿ ಅಂಬೆಗಾಲಿಡುತ್ತಿದ್ದವನು. ಕಂಡದ್ದು ಅವರ ಪುಸ್ತಕವನ್ನು. ನಮ್ಮ ಸಂಘದ ಪುಸ್ತಕದ ಬೀರುವಿನಲ್ಲಿ, ವಾರ್ಷಿಕ ವರದಿಗಳ ಅಡಿಯಲ್ಲಿ, 1964ರಲ್ಲಿ ಅಚ್ಚಾದ ‘ದಿ ಸಿಂಗಿಂಗ್ ಲೈನ್’ ಸಿಕ್ಕಿತು. ‘ಹಾಡುವ ಗೆರೆ’ ಎಂದು ಅರ್ಥ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಗೆ ಬಂದು, ಅದೇ ಜೆ. ಜೆ. ಸ್ಕೂಲಿನಲ್ಲಿ ಕಲಿತು, ಕಲಿಸಿ, 1949ರಲ್ಲಿ ಪ್ಯಾರಿಸ್ಸಿಗೂ ಹೋಗಿ ಬಂದ ದೊಡ್ಡವರು, ನಮ್ಮ ಕಡೆಯವರೇ ಎಂಬ ಹೆಮ್ಮೆಯಿಂದ ಪುಸ್ತಕ ತೆರೆದೆ. ತೆರೆದ ಮೇಲೆ ಹೆಮ್ಮೆಯೆಲ್ಲ ಎಲ್ಲಿ ಹೋಯಿತೋ! ಕೆಲವೇ ಗೆರೆಗಳಲ್ಲಿ ಒಬ್ಬ ನರ್ತಕಿ, ಕೆಲವೇ ಗೆರೆಗಳಲ್ಲಿ ಒಬ್ಬ ವಾದ್ಯಗಾರ. ಬಣ್ಣವಿಲ್ಲ, ನೆರಳಿಲ್ಲ. ಗೆರೆಯಲ್ಲಿ ಲಯ ಬರಬೇಕೆಂದು ಅವರು ಪಂಡಿತ ಸುಂದರ ಪ್ರಸಾದರಲ್ಲಿ ಎರಡು ವರ್ಷ ಕಥಕ್ ನೃತ್ಯ ಕಲಿತರಂತೆ. ಗೆರೆಗಾಗಿ ಕಾಲಿಗೆ ಗೆಜ್ಜೆ ಕಟ್ಟಿದವರು! ಮರುದಿನ ಸಂಜೆ ನಾನು ಚರ್ಚ್‌ಗೇಟಿನಿಂದ ಮನೆಗೆ ಬರುವಾಗ ಒಂದು 2ಬಿ, ಒಂದು 6ಬಿ ಪೆನ್ಸಿಲು ಕೊಂಡು ತಂದೆ. ನನ್ನ ಮನೆಯವಳು, “ಗೆಜ್ಜೆ ಯಾವಾಗ ತರುತ್ತೀರಿ?” ಎಂದಳು.

ಇನ್ನು ಚಿತ್ರಗಳ ವಿಷಯ. ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಲೋಕಲ್ ಗಾಡಿಯಲ್ಲಿ ನಿದ್ದೆ ಮಾಡುತ್ತಿರುವ ಮನುಷ್ಯ. ಅಂಧೇರಿಯವರಿಗೆ ದೇವರು ಕೊಟ್ಟ ಒಂದು ಸೌಭಾಗ್ಯವೆಂದರೆ ಅಂಧೇರಿಯಿಂದಲೇ ಹೊರಡುವ ನಿಧಾನ ಗಾಡಿಗಳು. ಬೆಳಿಗ್ಗೆ ಸ್ವಲ್ಪ ಬೇಗ ಹೋದರೆ ಕುಳಿತುಕೊಳ್ಳಲು ಜಾಗ ಸಿಗುತ್ತದೆ. ಕಿಟಕಿಯ ಬದಿಯಲ್ಲದಿದ್ದರೂ ನಾಲ್ಕನೆಯವನಾಗಿ ಅರ್ಧ ತೊಡೆಯೂರುವಷ್ಟು ಜಾಗ. ಎದುರಿಗೆ ಕುಳಿತವರು ವಿಲೆ ಪಾರ್ಲೆ ಬರುವುದರೊಳಗೆ ನಿದ್ದೆ ಹೋಗುತ್ತಾರೆ. ನಿದ್ದೆ ಹೋದವನಷ್ಟು ಒಳ್ಳೆಯ ಮಾದರಿ ಬೇರೆಲ್ಲಿ ಸಿಗಬೇಕು? ಅವನು ಹಲ್ಲು ಕಿರಿಯುವುದಿಲ್ಲ, ಕೂದಲು ಸರಿಮಾಡಿಕೊಳ್ಳುವುದಿಲ್ಲ.

ಆದರೆ ಗಾಡಿ ಅಲುಗಾಡುತ್ತದೆ. ಮೊದಮೊದಲು ನಾನು ಅದರೊಡನೆ ಜಗಳವಾಡುತ್ತಿದ್ದೆ. ಕಿವಿ ಬರೆಯಲು ಹೋದರೆ ಪೆನ್ಸಿಲು ಕುತ್ತಿಗೆಗೆ ಜಾರುತ್ತಿತ್ತು. ಆಮೇಲೆ ಒಂದು ಉಪಾಯ ಕಂಡುಕೊಂಡೆ. ಗಾಡಿ ಓಡುವಾಗ ನೋಡುವುದು, ನಿಂತಾಗ ಬರೆಯುವುದು. ಒಂದು ನಿಲ್ದಾಣದಲ್ಲಿ ಗಾಡಿ ನಿಲ್ಲುವುದು ಅರ್ಧ ನಿಮಿಷವಿದ್ದೀತು. ಅಷ್ಟರಲ್ಲಿ ಒಂದೋ ಎರಡೋ ಗೆರೆ. ಸಾಂತಾಕ್ರೂಜಿನಲ್ಲಿ ತಲೆ, ಖಾರಿನಲ್ಲಿ ಹೆಗಲು, ಬಾಂದ್ರಾದಲ್ಲಿ ಚೀಲ ಹಿಡಿದ ಕೈ. ನಡುವಿನ ಎರಡು ಮೂರು ನಿಮಿಷ ಕಣ್ಣಿಗೇ ಕೆಲಸ. ಮುಂದಿನ ನಿಲ್ದಾಣದಲ್ಲಿ ಯಾವ ಗೆರೆ ಎಳೆಯಬೇಕೆಂದು ತೀರ್ಮಾನಿಸಬೇಕು. ಗೆರೆಗೆ ಮುಂಚೆ ನೋಟ ಬೇಕೆಂದು ಚಿತ್ರಕಲೆಯ ಗುರುಗಳೆಲ್ಲ ಹೇಳುತ್ತಾರಂತೆ. ನನಗೆ ಅದನ್ನು ಹೇಳಿಕೊಟ್ಟದ್ದು ಪಶ್ಚಿಮ ರೈಲ್ವೆ.

ಒಂದು ದಿನ ಮಾಹಿಮಿನಲ್ಲಿ ನನ್ನ ಮಾದರಿಗೆ ತಟ್ಟನೆ ಎಚ್ಚರವಾಯಿತು. ಎದುರಿಗೆ ಒಬ್ಬ ಕನ್ನಡಕದವನು ಕೈಯಲ್ಲಿ ಪುಸ್ತಕ ಹಿಡಿದು ತನ್ನನ್ನೇ ನೋಡುತ್ತ ಏನೋ ಬರೆದುಕೊಳ್ಳುತ್ತಿದ್ದಾನೆ! ಪಾಪ, ಏನೊಂದೂ ಮಾತಾಡದೆ ಜೇಬಿನಿಂದ ತಿಂಗಳ ಪಾಸು ತೆಗೆದು ತೋರಿಸಿದ. ನಾನೂ ಗಾಬರಿಯಲ್ಲಿ ಅದನ್ನು ನೋಡಿ ತಲೆಯಾಡಿಸಿದೆ. ಅವನು ಮತ್ತೆ ನಿದ್ದೆ ಹೋದ. ಈ ಸಂಚಿಕೆಯಲ್ಲಿ ಅಚ್ಚಾಗಿರುವವನು ಅವನೇ. ಗುರುತು ಹಿಡಿಯುವಷ್ಟು ಮುಖ ಬರೆದಿಲ್ಲ, ಯಾರೂ ಹುಡುಕಬಾರದು.

ಎರಡನೆಯ ಚಿತ್ರ ಗಿಲ್ಬರ್ಟ್ ಗುಡ್ಡ. ಇದನ್ನು ಹೇಳಬೇಕಾದರೆ ನಮ್ಮ ಅಮ್ಮ ಅಂಧೇರಿಗೆ ಬಂದುದನ್ನು ಹೇಳಬೇಕು.

ಅಮ್ಮ ಮೂವತ್ತು ವರ್ಷ ಅಂಧೇರಿಯಿಂದ ಬರುವ ಮನಿಆರ್ಡರನ್ನು ಮಾತ್ರ ಕಂಡಿದ್ದವಳು. ಅಂಧೇರಿಯನ್ನೇ ಕಂಡದ್ದು ತಂದೆ ತೀರಿಹೋದ ಮೇಲೆ, ಎರಡು ವರ್ಷದ ಹಿಂದೆ. ಮಲ್ಪೆಯ ಕಡೆಯ ನಮ್ಮ ಹಂಚಿನ ಮನೆಯ ಬಾಗಿಲಿಗೆ ಬೀಗ ಹಾಕಿ, ತುಳಸಿಕಟ್ಟೆಗೆ ನೀರು ಹಾಕುವ ಕೆಲಸವನ್ನು ನೆರೆಮನೆಗೆ ಒಪ್ಪಿಸಿ, ಒಂದು ಟ್ರಂಕು, ಒಂದು ಉಪ್ಪಿನಕಾಯಿ ಭರಣಿ, ಒಂದು ಡಬ್ಬಿ ರಂಗೋಲಿ ಪುಡಿಯೊಡನೆ ನಮ್ಮ ಮೂರನೆಯ ಮಾಳಿಗೆಯ ಮನೆಗೆ ಬಂದಳು. ಊರಿನಲ್ಲಿ ಅಷ್ಟಗಲದ ಅಂಗಳವಿತ್ತು. ಇಲ್ಲಿ ಹೊಸ್ತಿಲ ಹೊರಗೆ ನಾಲ್ಕಡಿಯ ಓಣಿ. ಅದರಲ್ಲಿ ಎದುರು ಮನೆಯವರ ಚಪ್ಪಲಿಗೂ ಪಾಲು. ಆದರೂ ದಿನಾ ಬೆಳಗಿನ ಜಾವ ಅಲ್ಲಿ ಒಂದು ರಂಗೋಲಿ ಬೀಳುತ್ತಿತ್ತು. ಎದುರು ಮನೆಯ ಗುಜರಾತಿ ಅಜ್ಜಿ ಚಪ್ಪಲಿಗಳನ್ನು ತಾನಾಗಿ ಒಳಗಿಟ್ಟುಕೊಂಡಳು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು.

ಹಗಲೆಲ್ಲ ಕಿಟಕಿಯ ಬಳಿ ಕುಳಿತೇ ಇರುವವಳನ್ನು ಕಂಡು ಒಂದು ಆದಿತ್ಯವಾರ, “ಬಾ ಅಮ್ಮ, ನಿನಗೊಂದು ಗುಡ್ಡ ತೋರಿಸುತ್ತೇನೆ” ಎಂದು ಕರೆದುಕೊಂಡು ಹೊರಟೆ. ಅಂಧೇರಿ ಪಶ್ಚಿಮದಲ್ಲಿ ಅಂಗಡಿ, ಗುಡಿಸಲು, ಗಗನಕ್ಕೇರಿದ ಕಟ್ಟಡ ಎಲ್ಲವನ್ನೂ ದಾಟಿ ಒಂದು ಗಲ್ಲಿಯ ತಿರುವಿನಲ್ಲಿ ಅದು ಒಮ್ಮೆಗೇ ಎದುರು ನಿಲ್ಲುತ್ತದೆ: ಸುಮಾರು 200 ಅಡಿ ಎತ್ತರದ, ಅಖಂಡವಾದ, ನೆಟ್ಟಗಿನ ಕರಿಗಲ್ಲು. ತುದಿಯಲ್ಲಿ ಗಾಂವದೇವಿಯ ಗುಡಿ. ಕಲ್ಲಿನಲ್ಲೇ ಕಡಿದ ಕಡಿದಾದ ಮೆಟ್ಟಿಲು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖ್ಖನ್ನಿನ ನೆಲವೆಲ್ಲ ಲಾವಾರಸದಿಂದ ಉಕ್ಕಿದ ಕಾಲದಲ್ಲಿ ಹುಟ್ಟಿದ ಬಸಾಲ್ಟ್ ಇದು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಸುತ್ತಲಿನ ಕಲ್ಲನ್ನು ಜನ ಎಷ್ಟೋ ವರ್ಷ ಒಡೆದು ಒಯ್ದರು. 2007ರಲ್ಲಿ ಮಹಾನಗರಪಾಲಿಕೆ ಇದನ್ನು ಎರಡನೆಯ ದರ್ಜೆಯ ಪಾರಂಪರಿಕ ತಾಣವೆಂದು ಸಾರಿತು. ಉಳಿದದ್ದು ಈ ಒಂದು ಕಂಬ.

ಕಂಬವೆಂದೆನಲ್ಲ, ಅದೊಂದೇ ಕಂಬವಲ್ಲ. ಹತ್ತಿರ ಹೋಗಿ ನೋಡಿದರೆ ಮೇಲಿನಿಂದ ಕೆಳಗಿನವರೆಗೆ ಒತ್ತೊತ್ತಾಗಿ ನಿಲ್ಲಿಸಿದ ನೂರಾರು ಕಂಬಗಳ ಕಟ್ಟು. ಬೇಸಿಗೆಯಲ್ಲಿ ನಮ್ಮ ಗದ್ದೆ ಒಣಗಿ ಬಿರುಕು ಬಿಡುವುದನ್ನು ಎಲ್ಲರೂ ನೋಡಿದ್ದೀರಿ. ಕೆಸರು ಕುಗ್ಗಿದಾಗ ಐದು ಮೂಲೆಯ, ಆರು ಮೂಲೆಯ ಹೆಂಟೆಗಳಾಗಿ ಒಡೆಯುತ್ತದೆ. ಕುದಿಯುವ ಲಾವಾರಸವೂ ತಣಿಯುವಾಗ ಹಾಗೆಯೇ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ಬಿರುಕು ಮೈಮೇಲಿನಿಂದ ಒಳಕ್ಕೆ ಇಳಿಯುತ್ತ ಹೋಗಿ ಕಂಬಗಳಾಗುತ್ತವೆ.

ಅಮ್ಮನಿಗೆ ನಾನು ಇದನ್ನೆಲ್ಲ ಹೇಳಿರಲಿಲ್ಲ. ಅವಳು ಮೆಟ್ಟಿಲ ಬುಡದಲ್ಲಿ ನಿಂತು, ಕಲ್ಲಿನ ಮೇಲೆ ಅಂಗೈಯೂರಿ, ಒಂದು ಬಿರುಕಿನಗುಂಟ ಬೆರಳು ಓಡಿಸಿ, “ಇದು ನಮ್ಮ ಮಲ್ಪೆಯ ದ್ವೀಪದ ಕಲ್ಲಲ್ಲವೋ ಮಗ?” ಎಂದಳು. ಮದುವೆಯಾದ ವರ್ಷ ದೋಣಿಯಲ್ಲಿ ತಂದೆಯೊಡನೆ ಸೇಂಟ್ ಮೇರಿ ದ್ವೀಪಕ್ಕೆ ಹೋಗಿದ್ದಳಂತೆ. ಅವರಿಬ್ಬರೂ ಒಟ್ಟಿಗೆ ಮಾಡಿದ ಪ್ರವಾಸ ಅದೊಂದೇ. ಅಲ್ಲಿಯ ಕಂಬಗಳು ಗಿಡ್ಡ, ಅತಿ ಎತ್ತರದ್ದು ಸುಮಾರು 6 ಮೀಟರು. ಪ್ರಾಯದಲ್ಲಿ ಮಾತ್ರ ಹಿರಿಯವು, ಸುಮಾರು 8 ಕೋಟಿ 80 ಲಕ್ಷ ವರ್ಷ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದವು. ಕಲ್ಲಿನ ಜಾತಿಯೂ ಬೇರೆ. ಆದರೆ ಒಡೆದ ರೀತಿ ಒಂದೇ. ಓದಿದವನಾದ ನಾನು ‘ಅದು ಬೇರೆ ಕಲ್ಲಮ್ಮ’ ಎನ್ನಲು ಬಾಯಿ ತೆರೆದೆ. ಅವಳು ಕಲ್ಲಿನಿಂದ ಕೈ ತೆಗೆದಿರಲಿಲ್ಲ. ಸುಮ್ಮನಾದೆ.

ಮೆಟ್ಟಿಲು ಹತ್ತುವುದು ಅವಳ ಮಂಡಿಗೆ ಆಗದು. ನೆರಳಿನಲ್ಲಿ ಕೂರಿಸಿ ನಾನು ಚಿತ್ರಕ್ಕೆ ತೊಡಗಿದೆ. ಒಂದು ಗಂಟೆಯಾದ ಮೇಲೆ ತೋರಿಸಿದೆ. ಒಂದೊಂದು ಬಿರುಕನ್ನೂ ಬಿಡದೆ ಬರೆದಿದ್ದೆ. ಅಮ್ಮ ನೋಡಿದಳು, ಒಂದು ಕಡೆಯಿಂದ ನೋಡಿದಳು, ಇನ್ನೊಂದು ಕಡೆಯಿಂದ ನೋಡಿದಳು. “ಚಂದ ಉಂಟು. ಆದರೆ ಇಷ್ಟು ಗೆರೆ ಯಾಕೆ? ಕಲ್ಲಿಗೆ ಉಸಿರು ಕಟ್ಟಿಹೋಗಿದೆ.”

“ನೀನು ರಂಗೋಲಿಯಲ್ಲಿ ಎಳೆಯುವುದಿಲ್ಲವೋ ಅಷ್ಟು ಗೆರೆ?” ಎಂದೆ, ಸ್ವಲ್ಪ ಬಿಗುವಿನಿಂದಲೇ.

“ಎಲ್ಲಿ ಎಳೆಯುತ್ತೇನೆ? ಚುಕ್ಕಿ ಎಷ್ಟಿದ್ದರೂ ಎಳೆ ಒಂದೇ. ಹೊರಟಲ್ಲಿಗೇ ಬಂದು ಸೇರಬೇಕು. ಬೆರಳಿನಲ್ಲಿ ಎಳೆದರೆ ಮುರಿಯುತ್ತದೆ, ರಟ್ಟೆಯಿಂದ ಎಳೆಯಬೇಕು. ಮತ್ತೆ, ಕೈಯಿದ್ದ ಚುಕ್ಕಿ ನೋಡಬಾರದು. ಮುಂದಿನ ಚುಕ್ಕಿ ನೋಡಬೇಕು.”

ಐವತ್ತು ವರ್ಷ ದಿನಾ ಬೆಳಿಗ್ಗೆ ಅಂಗಳದಲ್ಲಿ ಬಗ್ಗಿ ಕಲಿತ ವಿದ್ಯೆಯನ್ನು ಮೂರು ಮಾತಿನಲ್ಲಿ ಹೇಳಿ, ಸೆರಗಿನಿಂದ ಮುಖ ಒರಸಿಕೊಂಡು, “ಕಾಫಿ ಸಿಗುತ್ತದೆಯೋ ಇಲ್ಲಿ?” ಎಂದಳು. ಮನೆಗೆ ಬಂದು ಅದೇ ಗುಡ್ಡವನ್ನು ಹನ್ನೊಂದು ಗೆರೆಗಳಲ್ಲಿ ಬರೆದೆ. ಕುಳಿತು ಬರೆಯಲಿಲ್ಲ, ಮೇಜಿನ ಮುಂದೆ ನಿಂತು, ಮೊಣಕೈ ಎತ್ತಿ, ರಟ್ಟೆಯಿಂದ. ಪೆನ್ಸಿಲಿನ ತುದಿಯನ್ನು ನೋಡದೆ ಗೆರೆ ಮುಟ್ಟಬೇಕಾದ ಜಾಗವನ್ನು ನೋಡಿದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆಂಬುದನ್ನು ನೀವೂ ಬೇಕಾದರೆ ಪರೀಕ್ಷಿಸಬಹುದು. ಅಚ್ಚಾಗಿರುವುದು ಆ ಎರಡನೆಯ ಪ್ರತಿ.

ಈಗ ಚಿತ್ರವಲ್ಲದ ಒಂದು ಸಂಗತಿ. ಇದನ್ನು ಬಿಟ್ಟು ಮುಂದೆ ಹೋಗಬಹುದಿತ್ತು. ಆದರೆ ಬಿಟ್ಟರೆ ಮೂರನೆಯ, ನಾಲ್ಕನೆಯ ಚಿತ್ರಗಳ ಲೆಕ್ಕ ತಾಳೆಯಾಗುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮನ ಬಲಗೈ ನಡುಗಲು ತೊಡಗಿತು. ಡಾಕ್ಟರು ನೋಡಿ, ಭಯಪಡುವಂಥದೇನಿಲ್ಲ, ವಯಸ್ಸಿನ ನಡುಕ, ಹೋಗುವಂಥದೂ ಅಲ್ಲ ಎಂದರು. ಲೋಟ ಎತ್ತುವಾಗ ಎರಡು ಕೈ ಬಳಸತೊಡಗಿದಳು. ಹೊಸ್ತಿಲ ರಂಗೋಲಿ ಚಿಕ್ಕದಾಯಿತು. “ಗೆರೆ ಮಾತು ಕೇಳುವುದಿಲ್ಲ ಮಗ” ಎಂದು ನಗುತ್ತಿದ್ದಳು.

ದೀಪಾವಳಿಯ ಬೆಳಿಗ್ಗೆ ಕಚೇರಿಯ ಹಿರಿಯರೊಬ್ಬರು ಕುಟುಂಬ ಸಮೇತ ಮನೆಗೆ ಬರುವವರಿದ್ದರು. ಅಮ್ಮ ಬೆಳಗಿನ ಜಾವವೇ ಎದ್ದು ದೊಡ್ಡ ರಂಗೋಲಿ ಹಾಕಿದ್ದಳು. ನಾನು ಬಾಗಿಲು ತೆರೆದು ನೋಡಿದೆ. ಗೆರೆಗಳು ಅಲೆಯಲೆಯಾಗಿ, ಚುಕ್ಕಿಗಳನ್ನು ತಪ್ಪಿಸಿ, ಒಂದರ ಮೇಲೊಂದು ಬಿದ್ದಿದ್ದವು. ಗಡಿಯಾರ ನೋಡಿದೆ. ಅಮ್ಮ ಸ್ನಾನಕ್ಕೆ ಹೋಗಿದ್ದಳು. ಒದ್ದೆ ಬಟ್ಟೆ ತಂದು ಒರಸಿದೆ. ಅವಳ ಡಬ್ಬಿಯಿಂದಲೇ ಪುಡಿ ತೆಗೆದು, ಅವಳೇ ಹೇಳಿಕೊಟ್ಟಂತೆ ರಟ್ಟೆಯಿಂದ ಎಳೆದು, ಅದೇ ರಂಗೋಲಿಯನ್ನು ನೆಟ್ಟಗೆ ಹಾಕಿದೆ. ಬಂದವರು ನೋಡಿ ತುಂಬ ಮೆಚ್ಚಿದರು. “ನಿಮ್ಮ ತಾಯಿಯವರ ಕೈಯೇ?” ಎಂದು ಕೇಳಿದರು. ನಾನು ಉತ್ತರ ಹೇಳುವ ಮೊದಲೇ ಅಮ್ಮ ಒಳಗಿನಿಂದ, “ಅಲ್ಲ, ನನ್ನ ಮಗನದು” ಎಂದಳು.

ಅಷ್ಟೆ. ಕೋಪ ಮಾಡಲಿಲ್ಲ, ಒಂದು ಮಾತೂ ಆಡಲಿಲ್ಲ. ಆದರೆ ಮರುದಿನ ಹೊಸ್ತಿಲು ಬರಿದಾಗಿತ್ತು. ಅದರ ಮರುದಿನವೂ. ರಂಗೋಲಿ ಡಬ್ಬಿ ದೇವರ ಗೂಡಿನಿಂದ ಟ್ರಂಕಿನೊಳಕ್ಕೆ ಹೋಯಿತು. ಎದುರು ಮನೆಯ ಅಜ್ಜಿ ಒಂದು ವಾರ ಕಾದು ನೋಡಿ ಚಪ್ಪಲಿಗಳನ್ನು ಮತ್ತೆ ಹೊರಗಿಟ್ಟಳು. ನನ್ನ ಮನೆಯವಳು ಮಾತ್ರ ಒಂದು ರಾತ್ರಿ, “ಬಂದವರು ತಿಂಡಿ ತಿನ್ನಲು ಬಂದಿದ್ದರು, ರಂಗೋಲಿ ಪರೀಕ್ಷೆ ಮಾಡಲಿಕ್ಕಲ್ಲ” ಎಂದು ಆ ಕಡೆ ತಿರುಗಿ ಮಲಗಿದಳು.

ಮೂರನೆಯ ಚಿತ್ರ ಅದಾದ ಎರಡು ತಿಂಗಳ ಮೇಲಿನದು. ಅಂಧೇರಿಯನ್ನು ರೈಲಿನ ಹಳಿ ಎರಡು ಮಾಡಿದೆ. ಪೂರ್ವದವರು ಪಶ್ಚಿಮಕ್ಕೆ ಬರುವುದೆಂದರೆ ಸೀಮೋಲ್ಲಂಘನ. 2018ರ ಜುಲೈ 3ರ ಬೆಳಿಗ್ಗೆ ಗೋಖಲೆ ಸೇತುವೆಯ ಕಾಲುದಾರಿ ಹಳಿಗಳ ಮೇಲೆ ಕುಸಿದದ್ದು, 2022ರ ನವೆಂಬರಿನಲ್ಲಿ ಸೇತುವೆಯನ್ನೇ ಮುಚ್ಚಿದ್ದು ನಮ್ಮ ಓದುಗರಿಗೆ ನೆನಪಿರಬಹುದು. 2014ರಲ್ಲಿ ಮೆಟ್ರೋ ಬಂದಿರದಿದ್ದರೆ ನಾವು ಅಂಧೇರಿಯವರು ಒಬ್ಬರ ಮುಖ ಒಬ್ಬರು ಮರೆಯುತ್ತಿದ್ದೆವೋ ಏನೋ. ನಾನು ಮೆಟ್ರೋ ಹಿಡಿದು ಪೂರ್ವಕ್ಕೆ ಹೋಗಿ, ಅಲ್ಲಿಂದ ರಿಕ್ಷಾದಲ್ಲಿ ಮಹಾಕಾಳಿ ಗುಹೆಗಳಿಗೆ ಹೋದೆ. ಕೊಂಡಿವಿಟೆ ಎಂಬುದು ಹಳೆಯ ಹೆಸರು. ಒಟ್ಟು 19 ಗುಹೆಗಳು. ಬೌದ್ಧ ಭಿಕ್ಷುಗಳಿಗಾಗಿ ಕ್ರಿಸ್ತಪೂರ್ವ ಒಂದನೆಯ ಶತಮಾನದಿಂದ ಕ್ರಿಸ್ತಶಕ ಆರನೆಯ ಶತಮಾನದವರೆಗೆ ಕಡಿದವು. ಹೊರಗೆ ಬಸ್ಸುಗಳ ಹಾರ್ನು, ನೆತ್ತಿಯ ಮೇಲೆ ವಿಮಾನ. ಒಳಗೆ ಕಾಲಿಟ್ಟರೆ ತಂಪು, ಮೌನ, ಬಾವಲಿಯ ವಾಸನೆ.

ಒಂಬತ್ತನೆಯ ಗುಹೆಯೇ ಚೈತ್ಯ. ಬಂಡೆಯೊಳಗೆ ಒಂದು ದುಂಡಗಿನ ಗುಡಿಸಲನ್ನು ಕಡಿದು, ಬಾಗಿಲಿನ ಇಕ್ಕೆಲದಲ್ಲೂ ಕಲ್ಲಿನದೇ ಜಾಲಂಧ್ರ ಬಿಡಿಸಿ, ಒಳಗೆ ಸ್ತೂಪವನ್ನು ನಿಲ್ಲಿಸಿದ್ದಾರೆ. ಗೋಡೆಯಲ್ಲಿ ಬುದ್ಧನ ಮೂರ್ತಿಗಳು. ಇಲ್ಲಿಯ ಕಲ್ಲು ಗಿಲ್ಬರ್ಟ್ ಗುಡ್ಡದಂತೆ ಗಟ್ಟಿಯಲ್ಲ. ಜ್ವಾಲಾಮುಖಿ ಚೆಲ್ಲಿದ ಚೂರುಗಳು ಸೇರಿ ಹೆಪ್ಪುಗಟ್ಟಿದ್ದು. ಗಾಳಿ, ಮಳೆ, ಸಾವಿರಾರು ವರ್ಷ ಸೇರಿ ಅದನ್ನು ತಿಂದಿವೆ. ಬುದ್ಧನಿಗೆ ಮುಖವೆಂದರೆ ಒಂದು ದುಂಡು ಮಾತ್ರ. ನಾನು ಗೋಡೆಗೊರಗಿ ಕುಳಿತು ಬರೆಯತೊಡಗಿದೆ. ದುಂಡಿನೊಳಗೆ ಮುಚ್ಚಿದ ಕಣ್ಣು, ನೀಳ ಮೂಗು, ತುಟಿಯಲ್ಲಿ ಮಂದಹಾಸ. ಪುಸ್ತಕಗಳಲ್ಲಿ ನೋಡಿದ್ದನ್ನೆಲ್ಲ ಇಳಿಸಿದೆ. ಬಹಳ ಚೆನ್ನಾಗಿ ಬಂತು.

ಬೆನ್ನ ಹಿಂದೆ ಎಂಟು ಹತ್ತು ವರ್ಷದ ಒಬ್ಬ ಹುಡುಗ ನಿಂತಿದ್ದ. ಅಲ್ಲಿಯೇ ಆಸುಪಾಸಿನವನಿರಬೇಕು, ಕೈಯಲ್ಲಿ ಕ್ರಿಕೆಟ್ ಬ್ಯಾಟು. ನನ್ನ ಪುಸ್ತಕ ನೋಡಿದ, ಗೋಡೆ ನೋಡಿದ, ಮತ್ತೆ ಪುಸ್ತಕ ನೋಡಿದ. “ಕಾಕಾ, ಈ ಮೂಗು ಎಲ್ಲಿದೆ?” ಎಂದು ಮರಾಠಿಯಲ್ಲಿ ಕೇಳಿದ.

“ಮೊದಲು ಇತ್ತಪ್ಪ, ಸವೆದುಹೋಗಿದೆ. ಅದಕ್ಕೆ ನಾನು ಸರಿಮಾಡಿದೆ” ಎಂದೆ.

“ಮತ್ತೆ ಇವನು ಅವನಲ್ಲವಲ್ಲ” ಎಂದು ಹೇಳಿ ಹುಡುಗ ಬ್ಯಾಟು ಬೀಸುತ್ತ ಹೊರಟುಹೋದ.

ಬಹಳ ಹೊತ್ತು ಅಲ್ಲೇ ಕುಳಿತಿದ್ದೆ. ಜಾಲಂಧ್ರದ ಬೆಳಕು ಸ್ತೂಪದ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಸರಿಯಿತು. ‘ಸರಿಮಾಡಿದೆ’ ಎಂಬ ನನ್ನದೇ ಮಾತು ಕಿವಿಯಲ್ಲಿತ್ತು. ಕಣ್ಣೆದುರು ಒದ್ದೆ ಬಟ್ಟೆ, ಅದಕ್ಕೆ ಮೆತ್ತಿದ ಬಿಳಿಯ ಪುಡಿ. ಪುಟ ತಿರುಗಿಸಿದೆ. 6ಬಿ ಪೆನ್ಸಿಲನ್ನು ಓರೆ ಹಿಡಿದು, ಸವೆದದ್ದನ್ನು ಸವೆದಂತೆ ಬರೆದೆ. ಪೆನ್ಸಿಲಿನ ಸೀಸದಲ್ಲಿ ಗ್ರಾಫೈಟಿನ ಸಂಗಡ ಜೇಡಿಮಣ್ಣು ಬೆರೆತಿರುತ್ತದೆ. ಮಣ್ಣು ಹೆಚ್ಚಾದರೆ ಗೆರೆ ಗಡಸು, ಗ್ರಾಫೈಟು ಹೆಚ್ಚಾದರೆ ಮೆದು. 6ಬಿ ಬಹಳ ಮೆದು. ಹರಿತವಾದ ಅಂಚನ್ನು ಅದು ಬಯಸುವುದಿಲ್ಲ, ಉಜ್ಜಿದಂತೆ ಬರುತ್ತದೆ. ಆ ಕಲ್ಲಿಗೆ ಅದೇ ಬೇಕಾಗಿತ್ತು. ಅಚ್ಚಿನಲ್ಲಿ ಈ ಚಿತ್ರ ಮಸುಕಾಗಿ ಕಂಡರೆ ಮುದ್ರಕರ ತಪ್ಪಲ್ಲ.

ಮನೆಗೆ ಬಂದು ಅಮ್ಮನ ಮುಂದೆ ಕುಳಿತೆ. ಕೇಳಬೇಕಾದ ಕ್ಷಮೆ ಕೇಳಲು ಬಾಯಿ ಬರಲಿಲ್ಲ. ನಮ್ಮ ಕಡೆಯ ಗಂಡುಮಕ್ಕಳಿಗೆ ತಾಯಿಯೊಡನೆ ಊಟ ತಿಂಡಿಯ ಮಾತು ಬರುತ್ತದೆ, ಇಂಥ ಮಾತು ಬರುವುದಿಲ್ಲ. “ಊಟಕ್ಕೆ ಏನು ಮಾಡಿದ್ದಾರೆ ಅಮ್ಮ?” ಎಂದು ಕೇಳಿ ಎದ್ದೆ.

ನಾಲ್ಕನೆಯ ಚಿತ್ರ ವರ್ಸೋವಾ ಕಡಲ ತೀರ. ಬೆಳಿಗ್ಗೆ ಆರು ಗಂಟೆಗೆ ಅಮ್ಮನನ್ನು ಕರೆದುಕೊಂಡು ಹೋದೆ. ಈ ತೀರ ಒಂದು ಕಾಲಕ್ಕೆ ಮೊಣಕಾಲುದ್ದ ಕಸದಲ್ಲಿ ಮುಚ್ಚಿಹೋಗಿತ್ತು. 2015ರಲ್ಲಿ ಅಫ್ರೋಜ್ ಶಾ ಎಂಬ ವಕೀಲರು ನೆರೆಯ ಹಿರಿಯರೊಬ್ಬರೊಡನೆ ಕಸ ಎತ್ತತೊಡಗಿ, ವಾರವಾರವೂ ಜನ ಸೇರುತ್ತ ಸೇರುತ್ತ ತೀರ ಮತ್ತೆ ತೀರವಾಯಿತು. 2018ರಲ್ಲಿ ಅಲ್ಲಿ ಕಡಲಾಮೆಯ ಮರಿಗಳು ಮೊಟ್ಟೆಯೊಡೆದು ನೀರಿಗಿಳಿದವು. ತೀರದ ಉತ್ತರದ ತುದಿಗೆ ಕೋಳಿಗರ ಕೇರಿ. ಬಣ್ಣ ಬಳಿದ ದೋಣಿಗಳು, ಬಲೆ ಬಿಡಿಸುತ್ತ ಕುಳಿತ ಹೆಂಗಸರು, ಬಿದಿರ ಗಳುಗಳ ಮೇಲೆ ಸಾಲುಸಾಲಾಗಿ ಒಣಗಲು ಹಾಕಿದ ಬೊಂಬಿಲ್ ಮೀನು. ದೂರದಿಂದ ನೋಡಿದರೆ ಯಾರೋ ಆಕಾಶದ ಮೇಲೆ ಮೋಡಿ ಅಕ್ಷರದಲ್ಲಿ ಲೆಕ್ಕ ಬರೆದಂತೆ. ನಾವು ಮೀನು ಮುಟ್ಟದ ಮನೆಯವರು. ಆದರೂ ಅಮ್ಮ ಆ ವಾಸನೆಯನ್ನು ಮೂಗು ತುಂಬ ಎಳೆದುಕೊಂಡು, “ಮಲ್ಪೆ ಬಂತು” ಎಂದಳು.

ಅವಳು ಮರಳಿನಲ್ಲಿ ಕುಳಿತಳು. ನಾನು ದೋಣಿ ಬರೆದೆ. ಅದು ಸುಲಭ, ಬಾಗಿದ ಎರಡು ಗೆರೆ ಸರಿಯಾಗಿ ಕೂಡಿದರೆ ದೋಣಿ. ಬಿದಿರು ಬರೆದೆ, ಮೀನು ಬರೆದೆ. ನೀರು ಬರಲಿಲ್ಲ. ನೆಟ್ಟಗೆ ಎಳೆದರೆ ಅದು ರಸ್ತೆಯಾಯಿತು. ಬೇಕೆಂದು ಅಲುಗಿಸಿದರೆ ಮಕ್ಕಳ ಪುಸ್ತಕದ ಸಮುದ್ರವಾಯಿತು. ಮೂರು ಸಲ ಬರೆದು ಮೂರು ಸಲ ರಬ್ಬರಿನಿಂದ ಅಳಿಸಿದೆ. ಕಾಗದ ಅಲ್ಲಿ ತೆಳ್ಳಗಾಯಿತು.

ಪುಸ್ತಕವನ್ನೂ ಪೆನ್ಸಿಲನ್ನೂ ಅಮ್ಮನ ಮಡಿಲಲ್ಲಿಟ್ಟೆ. “ಅಮ್ಮ, ನೀರು ನೀನು ಬರಿ.”

ಅವಳು ಪೆನ್ಸಿಲನ್ನು ಮುಟ್ಟಲಿಲ್ಲ. ನೀರನ್ನೇ ನೋಡುತ್ತಿದ್ದಳು. ಒಂದು ದೋಣಿ ಹೊರಟು ಕಾಲುವೆಯ ಬಾಯಿ ದಾಟಿ ಸಣ್ಣದಾಗುವವರೆಗೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದಳು:

“ಅಳಿಸುವುದಿಲ್ಲವೋ?”

“ಇಲ್ಲಮ್ಮ” ಎಂದೆ. ಅಷ್ಟು ಹೇಳುವಷ್ಟರಲ್ಲಿ ನನಗೆ ಸಾಕಾಗಿಹೋಯಿತು.

ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು, ಮುಂದಿನ ಚುಕ್ಕಿಯನ್ನು ನೋಡುವವಳಂತೆ ಕಾಗದದ ಆಚೆಯ ಅಂಚನ್ನು ನೋಡುತ್ತ, ದೋಣಿಗಳ ಕೆಳಗೆ ಒಂದು ಗೆರೆ ಎಳೆದಳು. ಕೈ ನಡುಗಿತು, ಗೆರೆಯೂ ನಡುಗಿತು, ಎಲ್ಲಿಯೂ ಕಡಿಯಲಿಲ್ಲ. ಅದರ ಕೆಳಗೆ ಇನ್ನೊಂದು, ಮತ್ತೊಂದು, ಒಟ್ಟು ನಾಲ್ಕು. ಪೆನ್ಸಿಲು ಕೆಳಗಿಟ್ಟು, ಪುಸ್ತಕವನ್ನು ದೂರ ಹಿಡಿದು ನೋಡಿ, “ನೀರು ಬಂತಲ್ಲ!” ಎಂದು ತಾನೇ ಬೆರಗಾದಳು. ನಿಜವಾಗಿಯೂ ಬಂದಿತ್ತು. ಬೆಳಗಿನ ಇಳಿತದ ನೀರು ಹೇಗೆ ಒಂದೇ ಸಮನೆ ಮಿಡಿಯುತ್ತದೆಯೋ ಹಾಗೆ.

ಮರುದಿನ ಹೊಸ್ತಿಲಲ್ಲಿ ರಂಗೋಲಿ ಇತ್ತೇ ಎಂದು ಕೇಳುವಿರಿ. ಇರಲಿಲ್ಲ. ಡಬ್ಬಿ ಟ್ರಂಕಿನಿಂದ ಹೊರಬರಲು ಇನ್ನೂ ಹತ್ತು ದಿನ ಬೇಕಾಯಿತು. ಈಗ ಪ್ರತಿ ಶುಕ್ರವಾರ ಒಂದು ಪುಟ್ಟ ರಂಗೋಲಿ ಇರುತ್ತದೆ. ಅದರ ಗೆರೆಗಳು ಅಲೆಯುತ್ತವೆ, ಕೆಲವು ಚುಕ್ಕಿಗಳು ಹೊರಗುಳಿಯುತ್ತವೆ. ನಾನು ಅದನ್ನು ದಾಟಿ ಕಚೇರಿಗೆ ಹೋಗುತ್ತೇನೆ.

ಇನ್ನೊಂದು ಮಾತು ಬರೆದು ಮುಗಿಸುತ್ತೇನೆ. ಹೋದ ವಾರ ಮುದ್ರಣಾಲಯದವರು ಫೋನು ಮಾಡಿದ್ದರು. “ನಿಮ್ಮ ನಾಲ್ಕನೆಯ ಚಿತ್ರದಲ್ಲಿ ಕೆಳಗಿನ ನಾಲ್ಕು ಗೆರೆ ಅಲುಗಿದೆ ಸಾರ್. ಕಂಪ್ಯೂಟರಿನಲ್ಲಿ ಐದೇ ನಿಮಿಷದ ಕೆಲಸ, ನೆಟ್ಟಗೆ ಮಾಡಲೇ?” ಎಂದರು, ಪಾಪ, ಒಳ್ಳೆಯ ಮನಸ್ಸಿನಿಂದಲೇ.

ಹಾಗೆಯೇ ಇರಲಿ ಎಂದೆ.